ಮಾರಿಷಸ್ಸಿನಲ್ಲಿ ಬರಿಗುಣಿಯವರ ಕೊಟ್ರಪ್ಪ

ಹಗರಿಬೊಮ್ಮನಹಳ್ಳಿ

ಅರವತ್ತೊಂದನೇ ವಯಸ್ಸಿಗೆ ಮೊದಲ ಸಲ ಪಾಸ್‌ಪೋರ್ಟ್ ಮಾಡಿಸಿದೆ. ವಿಚಾರಣೆಗೆ ಮನೆಗೆ ಬಂದ ಪೊಲೀಸಪ್ಪ ನನ್ನ ಕಾಗದ ಓದಿ, ಕನ್ನಡಕ ಹಣೆಗೇರಿಸಿ, "ಬರಿಗುಣಿ ಕೊಟ್ರಮ್ಮ! ಏನ್ರೀ ಅಮ್ಮಾರ, ಇಂಥಾ ಅಡ್ಡೆಸ್ರೂ ಇರ್ತಾವನ್ರಿ?" ಎಂದ.

"ಇರ್ತಾವ್ರಿ. ನಿಮ್ಮ ಮುಂದ ಕುಂತೈತಿ ನೋಡ್ರಿ. ಸಹಿ ಎಲ್ಲಿ ಮಾಡ್ಬೇಕು ಹೇಳ್ರಿ," ಎಂದೆ.

ಹುಟ್ಟಿದಾಗಿನಿಂದ ಇದೇ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ. ಗುಣಿ ಎಂದರೆ ಹೆಣ ಹೂಳಲು ತೋಡುವ ಕುಣಿ. ಬರಿಗುಣಿ ಎಂದರೆ ಒಳಗೆ ಹೆಣವೇ ಇಲ್ಲದ ಕುಣಿ. ನಮ್ಮ ಕಡೆ ಮೆಣಸಿನಕಾಯಿ, ತಕ್ಕಡಿ, ಉಳ್ಳಾಗಡ್ಡಿ ಎಂಬ ಅಡ್ಡಹೆಸರಿನವರು ಬೇಕಾದಷ್ಟು ಮಂದಿ ಇದ್ದಾರೆ, ಅವರನ್ನು ಯಾರೂ ನಿಲ್ಲಿಸಿ ಕೇಳುವುದಿಲ್ಲ. ನಮ್ಮದು ಕೇಳಿದರೆ ಮಾತ್ರ ಎದುರಿನವರ ಮುಖ ಸಪ್ಪಗಾಗುತ್ತದೆ. ಈ ಹೆಸರಿಗೇ ಹೆದರಿ ಎರಡು ಕಡೆಯ ಗಂಡಿನವರು ನನ್ನನ್ನು ನೋಡಿ ಹೋದವರು ತಿರುಗಿ ಬರಲಿಲ್ಲ. ಮೂರನೆಯವರು ಬರುವ ಹೊತ್ತಿಗೆ ನಾನೇ ಬೇಡವೆಂದೆ. ಅಪ್ಪನ ಕಸುಬು ಹಿಡಿದು ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಪತ್ರ ಬರೆಯಲು ಕುಳಿತೆ. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಹೆಸರು ತಿದ್ದುವ ಅಫಿಡವಿಟ್ಟು. ಬೇರೆಯವರ ಹೆಸರು ಬರೆಯುತ್ತಲೇ ತಲೆಗೂದಲು ಬೆಳ್ಳಗಾಯಿತು.

ಹೆಸರಿನ ಹಿಂದಿನ ಕಥೆ ಹೀಗೆ. ನಮ್ಮ ಮೂಲ ಹಡಗಲಿ ತಾಲ್ಲೂಕಿನ ಇಟ್ಟಿಗಿ. ನಮ್ಮ ಮುತ್ತಜ್ಜ ಶಿವಪ್ಪನಿಗೆ ಕೊಟ್ರಪ್ಪ ಎಂಬ ಅಣ್ಣನಿದ್ದ. ಅಣ್ಣ ತಮ್ಮಂದಿರು ಹೊಲದ ಸಲುವಾಗಿ ಜಗಳವಾಡಿದರು. ಕೊಟ್ರಪ್ಪ ಹೆಂಡತಿ ಬಸಮ್ಮನನ್ನು ಮನೆಯಲ್ಲೇ ಬಿಟ್ಟು, ದುಡಿದುಕೊಂಡು ಬರುತ್ತೇನೆಂದು ಮದರಾಸಿನ ಕಡೆ ಹೊರಟುಹೋದ. ಕೆಲವು ವರ್ಷದ ಮೇಲೆ ಶಿವಪ್ಪ, ಅಣ್ಣ ಕಾಲರಾದಲ್ಲಿ ಸತ್ತನೆಂದು ಸುದ್ದಿ ಬಂದಿದೆ ಎಂದ. ಹೆಣವಿಲ್ಲ. ಹೊಲದ ಬದುವಿನಲ್ಲಿ ಕುಣಿ ತೋಡಿ, ಅವನ ಕಂಬಳಿ ಇಟ್ಟು ಮಣ್ಣೆಳೆದರು. ಆ ಕುಣಿಯ ಮುಂದೆಯೇ ಬಸಮ್ಮನ ಬಳೆ ಒಡೆದರು. ಹೊಲವೆಲ್ಲ ಶಿವಪ್ಪನದಾಯಿತು. ಅಂದಿನಿಂದ ಊರವರ ಬಾಯಲ್ಲಿ ನಾವು ಬರಿಗುಣಿಯವರಾದೆವು. ಬಸಮ್ಮ ನಮ್ಮ ಮನೆಯಲ್ಲೇ ದುಡಿದು, ಹಣ್ಣುಹಣ್ಣು ಮುದುಕಿಯಾಗಿ ತೀರಿಕೊಂಡಳು. ನಮ್ಮಪ್ಪ ಚಿಕ್ಕವನಿದ್ದಾಗ ಆಕೆಯ ಮಗ್ಗುಲಲ್ಲೇ ಮಲಗುತ್ತಿದ್ದನಂತೆ.

ಸುದ್ದಿ ನಿಜವಾಗಿಯೂ ಬಂದಿತ್ತೇ? ಇಲ್ಲಾ ಬದುಕಿದ್ದ ಅಣ್ಣನನ್ನು ಶಿವಪ್ಪ ಹೊಲದ ಆಸೆಗೆ ಹೂತನೇ? ಮನೆಯವರು ಒಂದು ಹೇಳುತ್ತಾರೆ, ಇಟ್ಟಿಗಿಯವರು ಇನ್ನೊಂದು ಹೇಳುತ್ತಾರೆ. ಅಪ್ಪನನ್ನು ಕೇಳಿದಾಗಲೆಲ್ಲ ಅವನು ಮಾತು ಹೊರಳಿಸುತ್ತಿದ್ದ.

ಹೋದ ವರ್ಷ ನನ್ನ ಅಣ್ಣನ ಮಗ ಕೊಟ್ರೇಶ ನನ್ನ ಮೇಜಿನ ಮುಂದೆ ಬಂದು ನಿಂತ. ಅವನದು ಇಲ್ಲೇ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ. ಮಗಳಿಗೆ ದಾವಣಗೆರೆ ಕಡೆಯ ಗಂಡು ಗೊತ್ತಾಗಿತ್ತು.

"ಅತ್ತಿ, ಲಗ್ನಪತ್ರಿಕಿ ಮ್ಯಾಲ ಈ ಹೆಸರು ಬ್ಯಾಡಂತಾರ ಬೀಗರು. ಗುಣಿ ಅಂತ ಅಚ್ಚು ಹಾಕ್ಸಿ ಯಾರಿಗೆ ಕೊಡೋದು ಅಂತಾರ. ಒಂದು ಅಫಿಡವಿಟ್ ಬರಕೊಡು. ಬರಿಗುಣಿ ತೆಗೆದು ಇಟ್ಟಿಗಿ ಅಂತ ಹಾಕಿಬಿಡು. ಸುಮ್ನ ಊರ ಹೆಸರು."

"ಯಾವ ಹೆಸರು ಹೊಡದು ಹಾಕಾಕತ್ತೀನಿ ಅನ್ನೋದು ಗೊತ್ತಿಲ್ದ ಹೆಂಗ ಬರೀಲಲೇ?"

"ನೂರ ವರ್ಷದ ಹಳೇ ಕಥಿ ಅತ್ತಿ. ಈಗ ಯಾರನ್ನ ಕೇಳ್ತಿ?"

ಕೇಳಲು ಜನ ಸಿಕ್ಕರು. ಅದೇ ತಿಂಗಳು ಬಳ್ಳಾರಿಯ ಪರಿಚಯದವರೊಬ್ಬರು ನನ್ನ ಮೊಬೈಲಿಗೆ ಒಂದು ಸಂದೇಶ ಕಳಿಸಿದರು. ಇಂಗ್ಲಿಷಿನಲ್ಲಿ ಬರೆದವರು ಮಾರಿಷಸ್ ದ್ವೀಪದ ಒಬ್ಬ ಶಾಲಾ ಟೀಚರು, ಹೆಸರು ವಿದ್ಯಾ. "ನಮ್ಮ ಅಡ್ಡಹೆಸರು ಕೊತ್ರಪಾ, ಇಡೀ ದ್ವೀಪದಲ್ಲಿ ಈ ಹೆಸರಿನ ಮನೆ ನಮ್ಮದೊಂದೇ. ನಮ್ಮನ್ನು ತೆಲುಗರೆಂದು ಎಣಿಸುತ್ತಾರೆ, ಆದರೆ ತೆಲುಗರಿಗೂ ಈ ಹೆಸರು ಗೊತ್ತಿಲ್ಲ. ಇದು ಎಲ್ಲಿಯದು ಎಂದು ಯಾರಾದರೂ ಹೇಳುತ್ತೀರಾ?"

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲ್ಲೂಕಿನಲ್ಲಿ ಕೊಟ್ಟೂರು ಸ್ವಾಮಿಯ ಹೆಸರಿಡದ ಮನೆ ಹುಡುಕಬೇಕು. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ನಿಂತು "ಲೇ ಕೊಟ್ರಾ" ಎಂದು ಕೂಗಿದರೆ ಕಂಡಕ್ಟರೂ ತಿರುಗುತ್ತಾನೆ, ಬಾಳೆಹಣ್ಣಿನವನೂ ತಿರುಗುತ್ತಾನೆ. ಈ ಸೀಮೆ ದಾಟಿದರೆ ಆ ಹೆಸರು ಅಪರೂಪ. ದಾಟಿ ಹೋಗಿ ಹೆಸರು ಬಿಟ್ಟ ಒಬ್ಬ ಕೊಟ್ರಪ್ಪ ನನಗೂ ಬೇಕಾಗಿದ್ದ.

"ಹೋಗಿ ಬರ್ತೀನಿ. ಅಲ್ಲೀತನಕ ಪತ್ರಿಕಿ ಅಚ್ಚಿಗೆ ಕೊಡಬ್ಯಾಡ," ಎಂದು ಕೊಟ್ರೇಶನಿಗೆ ಹೇಳಿದೆ. ಅವನು ಹಣೆ ಹಣೆ ಬಡಿದುಕೊಂಡ.

ವಿಮಾನ ನಿಲ್ದಾಣ

ಬರಿಗೈಯಲ್ಲಿ ಯಾರ ಮನೆಗೂ ಹೋಗುವ ಪದ್ಧತಿ ನಮ್ಮದಲ್ಲ. ಒಣಗಿಸಿದ ಜೋಳದ ಕಟಿ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮತ್ತೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಹಡಗಲಿ ಮಲ್ಲಿಗೆಯ ಎರಡು ಮಾಲೆ. ಮಾರಿಷಸ್ಸಿನ ನಿಲ್ದಾಣದಲ್ಲಿ ಚೀಲ ಬಿಚ್ಚಿಸಿದ ಅಧಿಕಾರಿ ಕಪ್ಪಗೆ, ನಮ್ಮ ಕೂಡ್ಲಿಗಿ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕುಳಿತವನ ಹಾಗೇ ಇದ್ದ. ಎದೆಯ ಮೇಲೆ ಅವನ ಹೆಸರು ವೀರಪ್ಪೆನ್ ಎಂದಿತ್ತು. ನನ್ನ ಜೀವಕ್ಕೆ ಸಮಾಧಾನವಾಗಿ "ನಮಸ್ಕಾರ್ರೀ ವೀರಪ್ಪನವರ" ಎಂದೆ. ಅವನಿಗೆ ಒಂದಕ್ಷರವೂ ಅರ್ಥವಾಗಲಿಲ್ಲ.

ರೊಟ್ಟಿ ಚಟ್ನಿ ಬಿಟ್ಟ. ಹೂವಿಗೆ ಮಾತ್ರ ಆಗುವುದಿಲ್ಲ ಎಂದ. ಹಸಿ ಹೂವಿನ ಜೊತೆ ಹುಳ ಬರುತ್ತವಂತೆ, ದ್ವೀಪದ ಗಿಡಗಳಿಗೆ ರೋಗವಂತೆ. ನನ್ನ ಇಂಗ್ಲಿಷು ಕಚೇರಿಯ ಅರ್ಜಿಯ ಇಂಗ್ಲಿಷು. "ಸವಿನಯ ಪ್ರಾರ್ಥನೆ" ಎಂದು ಶುರುಮಾಡಿ ಎಷ್ಟು ವಿಧವಾಗಿ ಹೇಳಿದರೂ ಅವನು ನಗುತ್ತಲೇ ತಲೆಯಾಡಿಸಿದ. ಕೊನೆಗೆ ಸಿಟ್ಟಿನಲ್ಲಿ, "ಮಲ್ಲಿಗೆಯಲ್ಲಿ ಹುಳ ಇದ್ದರೆ ನಮ್ಮ ಹಡಗಲಿಯವರ ಮರ್ಯಾದೆ ಹೋಯ್ತು, ನೀನೇ ಮೂಸಿ ನೋಡು," ಎಂದು ಮಾಲೆ ಅವನ ಮೂಗಿಗೆ ಹಿಡಿದೆ. ಅವನು ಮೂಸಿದ. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದ. ಆಮೇಲೆ ಮರ್ಯಾದೆಯಿಂದ ಕಸದ ಡಬ್ಬಕ್ಕೆ ಹಾಕಿದ. ನನಗೆ ಅಳು ಬಂತು, ಆದರೆ ವೀರಪ್ಪನ ಮುಂದೆ ಅಳಲಿಲ್ಲ.

ಹೊರಗೆ ವಿದ್ಯಾ ಕಾಯುತ್ತಿದ್ದರು. ಐವತ್ತರ ಹತ್ತಿರದ ಹೆಂಗಸು. ಬಂದವರೇ ನನ್ನ ಎರಡೂ ಕೆನ್ನೆಗೆ ಮುತ್ತು ಕೊಟ್ಟರು. ಹಗರಿಬೊಮ್ಮನಹಳ್ಳಿಯಲ್ಲಿ ನನ್ನ ಕೆನ್ನೆ ಯಾರಾದರೂ ಮುಟ್ಟಿ ಐವತ್ತು ವರ್ಷ ಆಗಿತ್ತು. ಕಾರಿನಲ್ಲಿ ಕುಳಿತ ಮೇಲೂ ಬಹಳ ಹೊತ್ತು ಸೆರಗು ಸರಿಮಾಡಿಕೊಳ್ಳುತ್ತಿದ್ದೆ.

ಲಚ್ಮಮ್ಮನ ಮನೆ

ದಾರಿಯ ಎರಡೂ ಕಡೆ ಕಬ್ಬು. ಕಬ್ಬಿನ ನಡುವೆ ಅಲ್ಲಲ್ಲಿ ಕರಿಕಲ್ಲಿನ ದೊಡ್ಡ ದೊಡ್ಡ ಗುಡ್ಡೆ. ಬ್ರಿಟಿಷರ ಕಾಲದಲ್ಲಿ ಕಬ್ಬಿನ ಕೆಲಸಕ್ಕೆ ಮದರಾಸಿನ ಕಡೆಯಿಂದಲೂ ಹಡಗಿನಲ್ಲಿ ತಂದ ಕೂಲಿಯವರು, ಹೊಲ ಹಸನು ಮಾಡುವಾಗ ಕೈಯಲ್ಲಿ ಆರಿಸಿ ಒಟ್ಟಿದ್ದವಂತೆ. ನಮ್ಮ ಕಡೆಯೂ ಹೊಲದಲ್ಲಿ ಕಲ್ಲು ಆರಿಸುತ್ತಾರೆ, ಬದುವಿಗೆ ಹಾಕುತ್ತಾರೆ. ಇಷ್ಟೆತ್ತರದ ಗುಡ್ಡೆ ನೋಡಿ ನನ್ನ ಕೈಗಳೇ ನೊಂದವು. ರಸ್ತೆಯಲ್ಲಿ ಹಾರ್ನಿನ ಸದ್ದೇ ಇಲ್ಲ. ದಾಟುವವರು ಕಂಡರೆ ಕಾರು ತಾನಾಗಿ ನಿಲ್ಲುತ್ತದೆ. ಮಾರನೆಯ ದಿನ ನಾನು ರಸ್ತೆಯ ಈಚೆ ನಿಂತು, ಕಾರು ಹೋಗಲೆಂದು ಕಾಯ್ದೆ. ಕಾರಿನವನು ನಾನು ಹೋಗಲೆಂದು ಕಾಯ್ದ. ಇಬ್ಬರೂ ಹಟಮಾರಿಗಳು. ವಿದ್ಯಾ ಬಂದು ಕೈ ಹಿಡಿದು ದಾಟಿಸಿದರು.

ಮನೆಯ ಹಿರಿಯಳು ವಿದ್ಯಾಳ ತಾಯಿ ಲಚ್ಮಮ್ಮ. ಎಂಬತ್ತು ದಾಟಿದೆ. ಕೊತ್ರಪಾ ಮನೆತನದ ಸೊಸೆ, ಮೊದಲು ಬಂದ ಕೊತ್ರಪಾನ ಮೊಮ್ಮಗನ ಹೆಂಡತಿ. ಆಕೆ ಆಡುವುದು ಹಳೆಯ ಕಾಲದ ತೆಲುಗು. ನನ್ನದು ಆಂಧ್ರದ ಗಡಿಯ ಕಕ್ಷಿದಾರರಿಂದ ಕಲಿತ ಬಳ್ಳಾರಿ ತೆಲುಗು. ಇಬ್ಬರಿಗೂ ಸಾಕಾಯಿತು. ಆಕೆಯ ಮಾತನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ, ಮಗಳೇ ಎಂಬ ಅರ್ಥದ 'ಬಿಡ್ಡಾ' ಒಂದನ್ನು ಬಿಟ್ಟು.

ತಿನ್ನಲು ಕಡಲೆಬೇಳೆಯ ಖಾರದ ವಡೆ ಕೊಟ್ಟರು. "ಹೇಗಿದೆ?" ಎಂದರು. ಕೊಟ್ಟೂರಿನ ಮಂಡಕ್ಕಿ ಮಿರ್ಚಿಯ ಮುಂದೆ ಏನೂ ಅಲ್ಲ ಎಂಬ ಮಾತು ತುದಿನಾಲಿಗೆಗೆ ಬಂದಿತ್ತು, ನುಂಗಿಕೊಂಡೆ. ಆಮೇಲೆ ನನ್ನ ರೊಟ್ಟಿಯನ್ನು ಲಚ್ಮಮ್ಮ ಕಟುಮ್ಮನೆ ಮುರಿದು, ಚಟ್ನಿ ಹಚ್ಚಿ ತಿಂದು, "ಇದು ಏನು? ಹಪ್ಪಳವಾ, ಅನ್ನವಾ?" ಎಂದರು. ಅಲ್ಲಿಗೆ ಸರಿಸಮ ಆಯಿತು.

"ಬಾ, ಮೊದಲು ಅಮ್ಮನಿಗೆ ಕೈಮುಗಿ," ಎಂದು ಒಳಗೆ ಕರೆದೊಯ್ದರು.

ಹಿಂದಿನ ಕೋಣೆಯ ಗೂಡಿನಲ್ಲಿ ಅರಿಶಿನ ಮೆತ್ತಿದ ಒಂದು ಗುಂಡುಕಲ್ಲು. ಅದರ ಮುಂದೆ ಹಸಿರು ಸೀರೆ, ಕುಬಸ ಹೊಲಿಯುವ ಕಣದ ಬಟ್ಟೆ, ಕೊಬ್ಬರಿ ಬಟ್ಟಲು, ಎರಡು ಡಜನ್ ಹಸಿರು ಗಾಜಿನ ಬಳೆ. ಮೇಲೆ ಗೋಡೆಗೆ ಕಟ್ಟು ಹಾಕಿದ ಒಂದು ಕಾಗದ, ಕರ್ಪೂರದ ಹೊಗೆಗೆ ಗಾಜೆಲ್ಲ ಕಪ್ಪಾಗಿತ್ತು.

"ಯಾವ ಅಮ್ಮ?" ಎಂದೆ.

"ಬಸಮ್ಮ. ನಮ್ಮ ಮನೆ ದೇವರು. ಮೊದಲು ಬಂದ ತಾತ ಸ್ಥಾಪಿಸಿದ್ದು. ಪೂಜೆ ಸೊಸೆಯಂದಿರದು. ವರ್ಷಕ್ಕೊಮ್ಮೆ ಬಳೆ ಬದಲಾಯಿಸುತ್ತೇವೆ. ಬೇರೆ ತೆಲುಗರ ಮನೆಯಲ್ಲಿ ಬೇರೆ ಅಮ್ಮ ಇದ್ದಾಳೆ, ನಮಗೆ ಈಕೆಯೇ."

ನಾನು ಗೂಡಿನ ಹತ್ತಿರ ಬಗ್ಗಿ ಇನ್ನೊಮ್ಮೆ ನೋಡಿದೆ. ಬಸಮ್ಮ ಎಂಬ ಹೆಸರಿನವರು ಊರಿಗೆ ಹತ್ತು ಮಂದಿ ಇರುತ್ತಾರೆ, ಅದಲ್ಲ. ಆ ಗೂಡಿನಲ್ಲಿ ಇಟ್ಟಿದ್ದ ಸಾಮಾನು ನನಗೆ ಗುರುತಿತ್ತು. ನಮ್ಮ ಕಡೆ ಗಂಡನಿಗಿಂತ ಮೊದಲು ಹೆಂಡತಿ ತೀರಿಕೊಂಡರೆ ಮುತ್ತೈದೆಯಾಗಿ ಹೋದಳು ಎನ್ನುತ್ತಾರೆ. ಆತ ಇನ್ನೊಂದು ಮದುವೆಯಾದರೆ ಎರಡನೆಯ ಹೆಂಡತಿ ಆ ಹಿರಿಯಳನ್ನು ಮನೆಯಲ್ಲಿಟ್ಟು ಪೂಜಿಸುತ್ತಾಳೆ. ಹಸಿರು ಸೀರೆ, ಕಣ, ಕೊಬ್ಬರಿ, ಬಳೆ. ಹೀಗೇ, ಇದೇ ಸಾಮಾನು. ಇದು ಊರ ದೇವರ ಪೂಜೆಯಲ್ಲ, ಸತ್ತ ಹೆಂಡತಿಯ ಪೂಜೆ. ಕಾರಣ ಗೊತ್ತಿದ್ದವರು ಹೋಗಿದ್ದರು, ಪೂಜೆ ಉಳಿದಿತ್ತು, ಬಸಮ್ಮ ದೇವರಾಗಿದ್ದಳು.

ಇವರ ಆ ಮೊದಲ ತಾತ ನಮ್ಮ ಕೊಟ್ರಪ್ಪನೇ ಆಗಿದ್ದರೆ ಲೆಕ್ಕ ತಪ್ಪುತ್ತಿತ್ತು. ನಮ್ಮ ಬಸಮ್ಮ ಸತ್ತಿರಲಿಲ್ಲವಲ್ಲ.

"ಆ ಕಾಗದ ಏನು?"

"ಅಮ್ಮನ ಮಂತ್ರ. ತಾತ ಅದರ ಮುಂದೆ ದಿನಾ ಕೈಮುಗಿಯುತ್ತಿದ್ದನಂತೆ. ಓದಲು ನಮಗೆ ಯಾರಿಗೂ ಬರಲ್ಲ. ನಿಮ್ಮ ಅಕ್ಷರವೇ ಇರಬಹುದು."

ಹೊಗೆಯ ಹಿಂದೆ, ಮೇಲ್ಗಡೆ, ಒಂದೇ ಒಂದು ಅಕ್ಷರ ಕಾಣುತ್ತಿತ್ತು. ಶ್ರೀ. ಕನ್ನಡದ ಶ್ರೀ. ನಾನು ಕೈ ಚಾಚಿದೆ. ಲಚ್ಮಮ್ಮ ನನ್ನ ಕೈ ಹಿಡಿದು ಹಿಂದಕ್ಕೆ ತಂದರು. ಕಟ್ಟು ಇಳಿಸುವುದು ಶುಕ್ರವಾರ ಸಂಜೆ ಮಾತ್ರವಂತೆ, ತಲೆಗೆ ನೀರು ಹಾಕಿಕೊಂಡ ಮೇಲೆ, ಮನೆಯವರೆಲ್ಲ ಸೇರಿದಾಗ. ಅಂದು ಬುಧವಾರ. ನಾನೂ ಪದ್ಧತಿಯ ಮನೆಯಲ್ಲಿ ಬೆಳೆದವಳು, ಬಾಯಿ ಮುಚ್ಚಿಕೊಂಡು ಕಾಯಬೇಕಾಯಿತು.

ಪೋರ್ಟ್ ಲೂಯಿ

ಗುರುವಾರ ವಿದ್ಯಾ ನನ್ನನ್ನು ರಾಜಧಾನಿಗೆ ಕರೆದುಕೊಂಡು ಹೋದರು. ಬಂದರಿನ ಹತ್ತಿರ, ಹಡಗಿನಿಂದ ಇಳಿದ ಕೂಲಿಯವರು ಹತ್ತಿದ ಕಲ್ಲಿನ ಮೆಟ್ಟಿಲುಗಳಿವೆ. ಸಮುದ್ರವನ್ನು ನಾನು ನೋಡಿದ್ದು ಅದೇ ಮೊದಲು. ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನನಗೆ ಅದರ ಮೇಲೆ ಸಿಟ್ಟೇ ಬಂತು, ಇಷ್ಟು ನೀರು ದಾಟಿಸಿಕೊಂಡು ಹೋಗಿ ಜನರನ್ನು ತಿರುಗಿ ಕಳಿಸಲಿಲ್ಲವಲ್ಲ ಎಂದು.

ಕೂಲಿಗೆ ಬಂದವರ ದಾಖಲೆ ಇಟ್ಟಿರುವ ಕಚೇರಿ ಒಂದಿದೆ. ಅಲ್ಲಿಯ ಗುಮಾಸ್ತೆ ಸಾವಧಾನದ ಹೆಣ್ಣುಮಗಳು. ಹೆಸರು ಹುಡುಕಿ, ಹಳೆಯ ಪುಸ್ತಕದ ನಕಲು ತೆಗೆದು ಮೇಜಿನ ಮೇಲಿಟ್ಟಳು. ಅವರಿಬ್ಬರೂ ಫ್ರೆಂಚ್ ಬೆರೆತ ತಮ್ಮ ಕ್ರಿಯೋಲ್ ಮಾತಿನಲ್ಲಿ ಹರಟುತ್ತಿದ್ದರು. ನಾನು ಕನ್ನಡಕ ಒರೆಸಿಕೊಂಡು ಬಗ್ಗಿದೆ. ಪುಸ್ತಕ ಇಂಗ್ಲಿಷಿನದು. ಹೆಸರಿನ ಅಂಕಣದಲ್ಲಿ ಕೊಟ್ರಪ್ಪ. ತಂದೆಯ ಹೆಸರು ಗುರುಬಸಪ್ಪ. ಊರು ಇಟ್ಟಿಗಿ, ತಾಲ್ಲೂಕು ಹಡಗಲಿ, ಜಿಲ್ಲೆ ಬಳ್ಳಾರಿ. ಗುರುತು, ಎಡ ಹುಬ್ಬಿನ ಮೇಲೆ ಗಾಯದ ಕಲೆ.

ಹೊಲ ಬರೆಯುವಾಗ ನಾವು ನಾಲ್ಕು ದಿಕ್ಕಿನ ಚಕ್ಕುಬಂದಿ ಬರೆಯುತ್ತೇವೆ, ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ದಾರಿ ಎಂದು. ನಾಲ್ಕೂ ಕೂಡಿದರೆ 'ಇದೇ ಹೊಲ' ಎಂದು ಅರ್ಥ. ಇಲ್ಲಿ ಹೆಸರು, ತಂದೆ, ಊರು, ತಾಲ್ಲೂಕು, ನಾಲ್ಕೂ ಕೂಡಿದವು. ನಮ್ಮ ಮನೆಯ ವಂಶಾವಳಿಯಲ್ಲಿ ಶಿವಪ್ಪನ ಅಪ್ಪ ಗುರುಬಸಪ್ಪನೇ. ಕಾಲರಾದಲ್ಲಿ ಸತ್ತವನು ಇಲ್ಲಿ ಮೆಟ್ಟಿಲು ಹತ್ತಿ ಹೆಬ್ಬೆಟ್ಟು ಒತ್ತಿದ್ದ.

ಗುಮಾಸ್ತೆಯ ಮುಂದೆಯೇ ಅತ್ತುಬಿಟ್ಟೆ. ಒಂದು ಕಡೆ ಸಂತೋಷ, ಬದುಕಿದ್ದನಲ್ಲ ಮಾರಾಯ ಎಂದು. ಇನ್ನೊಂದು ಕಡೆ, ಬದುಕಿದ್ದವನ ಕುಣಿಯ ಮುಂದೆ ಬಸಮ್ಮನ ಬಳೆ ಒಡೆದರಲ್ಲ ಎಂದು. ವಿದ್ಯಾ ನೀರು ಕುಡಿಸಿದರು. ನಮ್ಮ ಸಂಬಂಧ ಲೆಕ್ಕ ಹಾಕಿದೆ, ವಿದ್ಯಾಳ ಅಪ್ಪ ನನ್ನ ಅಪ್ಪನಿಗೆ ಅಣ್ಣನಾಗಬೇಕು, ಹಾಗಾದರೆ ಲಚ್ಮಮ್ಮ ನನಗೆ ದೊಡ್ಡವ್ವ. ವಿದ್ಯಾ ಇನ್ನೊಮ್ಮೆ ಎರಡೂ ಕೆನ್ನೆಗೆ ಮುತ್ತು ಕೊಟ್ಟಳು. ಈ ಸಲ ಸೆರಗು ಸರಿಮಾಡಿಕೊಳ್ಳಲಿಲ್ಲ.

ಆದರೂ ಮನಸ್ಸು ಒಂದು ಎಳೆ ಹಿಡಿದು ನಿಂತಿತ್ತು. ಸುಳ್ಳು ಸುದ್ದಿಯೂ ಬಂದಿರಬಹುದಲ್ಲ? ಮದರಾಸಿನಿಂದ ಯಾರೋ ಬಂದು, ಕೊಟ್ರಪ್ಪ ಹೋದ ಎಂದಿರಬಹುದು. ಶಿವಪ್ಪ ನಂಬಿ, ಅತ್ತು, ಕುಣಿ ತೋಡಿರಬಹುದು. ಹಾಗಿರಲಿ ಶಿವನೇ ಎಂದು ಕಾರಿನಲ್ಲಿ ದಾರಿಯುದ್ದಕ್ಕೂ ಬೇಡಿಕೊಂಡೆ.

ಶುಕ್ರವಾರ ಸಂಜೆ

ಲಚ್ಮಮ್ಮನ ಗಂಡುಮಕ್ಕಳು, ಸೊಸೆಯಂದಿರು, ಎಲ್ಲ ಸೇರಿ ಹದಿನೈದು ಮಂದಿ ಕೋಣೆಯಲ್ಲಿ ಕುಳಿತಿದ್ದರು. ಇಂಡಿಯಾದಿಂದ ಬಂದ ಸಂಬಂಧಿಕಳು ಅಮ್ಮನ ಮಂತ್ರ ಓದುತ್ತಾಳೆ ಎಂದು ಸುದ್ದಿಯಾಗಿತ್ತು. ಬಾಳೆಎಲೆಯ ಮೇಲೆ ಏಳು ಬಗೆಯ ಪಲ್ಯ ತಯಾರಾಗಿತ್ತು. ಲಚ್ಮಮ್ಮ ಒದ್ದೆ ತಲೆಯಲ್ಲೇ ಕಟ್ಟು ಇಳಿಸಿ, ಗಾಜು ಬಿಚ್ಚಿ, ಕಾಗದವನ್ನು ಎರಡೂ ಕೈಯಲ್ಲಿ ನನಗೆ ಕೊಟ್ಟರು.

"ಗಟ್ಟಿಯಾಗಿ ಓದು ಬಿಡ್ಡಾ. ಎಲ್ಲರಿಗೂ ಕೇಳಲಿ."

ಮೊದಲು ಮನಸ್ಸಿನಲ್ಲೇ ಓದಿದೆ. ನಮ್ಮ ಕಸುಬಿನವನೇ ಬರೆದದ್ದು, ಅಕ್ಷರ ಮುತ್ತಿನ ಹಾಗಿತ್ತು. ತೀರ್ಥರೂಪ ಸಮಾನರಾದ ಅಣ್ಣ ಕೊಟ್ರಪ್ಪನವರಿಗೆ ತಮ್ಮ ಶಿವಪ್ಪನ ಶರಣಾರ್ಥಿ. ತಾವು ಬರೆಸಿದ ಪತ್ರ ಮುಟ್ಟಿ ತಮ್ಮ ಕ್ಷೇಮ ತಿಳಿದು ಸಂತೋಷವಾಯಿತು. ಇತ್ತ ಸೌಭಾಗ್ಯವತಿ ಬಸಮ್ಮ ಬೇನೆ ಬಿದ್ದು ಶಿವನ ಪಾದ ಸೇರಿದಳು. ಮುತ್ತೈದೆಯಾಗಿ ಹೋದಳು. ತಾವು ಇನ್ನು ಇತ್ತ ಬರುವ ಶ್ರಮ ತೆಗೆದುಕೊಳ್ಳಬಾರದು. ಹೊಲಮನೆ ನಾನು ನೋಡಿಕೊಂಡಿದ್ದೇನೆ. ಕೆಳಗೆ ಶಿವಪ್ಪನ ರುಜು.

ಕ್ಷೇಮ ತಿಳಿದು ಸಂತೋಷವಾಯಿತು. ಅಣ್ಣ ಬದುಕಿದ್ದಾನೆಂದು ಶಿವಪ್ಪನಿಗೆ ಗೊತ್ತಿತ್ತು. ಅಣ್ಣನಿಗೆ ಹೆಂಡತಿ ಸತ್ತಳೆಂದು ಬರೆಸಿದ, ಹೆಂಡತಿಗೆ ಗಂಡ ಸತ್ತನೆಂದು ಹೇಳಿದ. ಈ ಕಾಗದ ಬರೆಸುವಾಗ ಬಸಮ್ಮ ಒಳಗೆ ಅವನಿಗೇ ರೊಟ್ಟಿ ಬಡಿಯುತ್ತಿದ್ದಿರಬೇಕು. ಅವನ ರಕ್ತವೇ ನನ್ನ ಮೈಯಲ್ಲಿ ಹರಿಯುತ್ತಿದೆ ಎಂದು ನೆನೆದು ಮೈ ಪರಚಿಕೊಳ್ಳುವಂತಾಯಿತು.

ಹದಿನೈದು ಮುಖಗಳು ನನ್ನನ್ನೇ ನೋಡುತ್ತಿದ್ದವು. ಒಬ್ಬರಿಗೂ ಕನ್ನಡ ಬಾರದು. ಓಂ ನಮಃ ಶಿವಾಯ ಎಂದು ನಾಲ್ಕು ಸಲ ಹೇಳಿ ಕಣ್ಣಿಗೊತ್ತಿಕೊಂಡಿದ್ದರೆ ಮುಗಿಯುತ್ತಿತ್ತು, ಎಲ್ಲರೂ ನೆಮ್ಮದಿಯಿಂದ ಉಣ್ಣುತ್ತಿದ್ದರು. ನಿಜ ಹೇಳುತ್ತೇನೆ, ಬಾಯಿಯ ತನಕ ಬಂದಿತ್ತು. ಆದರೆ ಅಪ್ಪ ನನಗೆ ಕಸುಬು ಕಲಿಸುವಾಗ ಒಂದು ನೇಮ ಹಾಕಿಕೊಟ್ಟಿದ್ದ. ಪತ್ರದಲ್ಲಿ ಏನಿದೆಯೋ ಅದನ್ನು ಕಕ್ಷಿದಾರರಿಗೆ ಓದಿ ಹೇಳಲೇಬೇಕು, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಓದು ಬಾರದವರೆಂದು ಅವರಿಗೆ ಬೇರೆ ಓದಿ ಹೇಳುವವಳು ಪತ್ರ ಬರೆಯುವ ಮೇಜಿಗೆ ಕೂಡಬಾರದು. ನಲವತ್ತು ವರ್ಷ ಹೆಬ್ಬೆಟ್ಟಿನವರ ಮುಂದೆ ಹಾಗೇ ಓದಿದ್ದೇನೆ.

ಗಟ್ಟಿಯಾಗಿ ಓದಿದೆ. ಎಲ್ಲರೂ ಕೈಮುಗಿದು ಕೇಳಿದರು. ಮುಗಿದ ಮೇಲೆ, "ಇದು ಮಂತ್ರವಲ್ಲ ದೊಡ್ಡವ್ವ," ಎಂದು ತೆಲುಗಿನಲ್ಲಿ ಶುರುಮಾಡಿ ಸಾಲುಸಾಲಾಗಿ ಅರ್ಥ ಹೇಳಿದೆ. ವಿದ್ಯಾ ಅದನ್ನು ಉಳಿದವರಿಗೆ ಕ್ರಿಯೋಲಿನಲ್ಲಿ ಹೇಳುತ್ತಾ ಹೋದಳು. ಕೊನೆಗೆ ಕುಣಿಯ ಕಥೆ ಹೇಳಿದೆ, ಬಳೆ ಒಡೆದದ್ದು ಹೇಳಿದೆ. "ಬರೆಸಿದವನು ನನ್ನ ಮುತ್ತಜ್ಜ," ಎಂದೆ.

 ಲಚ್ಮಮ್ಮ ಕಾಗದವನ್ನು ನನ್ನ ಕೈಯಿಂದ ತಿರುಗಿ ತೆಗೆದುಕೊಂಡು ಕೇಳಿದರು.

"ಆಕೆ ಎಷ್ಟು ಕಾಲ ಬದುಕಿದ್ದಳು?"

"ನನ್ನಪ್ಪ ಆಕೆಯ ಮಗ್ಗುಲಲ್ಲಿ ಮಲಗಿದ್ದಾನೆ ದೊಡ್ಡವ್ವ."

"ಇಲ್ಲಿ ನಾವು ವರ್ಷಾ ವರ್ಷಾ ಹಸಿರು ಬಳೆ ಇಡುತ್ತಿದ್ದಾಗ, ಅಲ್ಲಿ ಆಕೆಯ ಕೈಯಲ್ಲಿ..."

"ಏನೂ ಇರಲಿಲ್ಲ."

ಅವರು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಎಲೆಯ ಮುಂದೆ ಯಾರೂ ಕೂರಲಿಲ್ಲ.

ಶನಿವಾರ

ಬೆಳಿಗ್ಗೆ ಕೊಟ್ರೇಶನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಆ ಕಡೆ ಅಂಗಡಿಯ ಸದ್ದು ಜೋರಿತ್ತು.

"ಕೇಳಿಸ್ತೇನಲೇ?"

"ಕೇಳಿಸ್ತು ಅತ್ತಿ. ಇದನ್ನ ಯಾರ ಮುಂದೂ ಹೇಳಬ್ಯಾಡ. ನಿನ್ನ ಕಾಲು ಹಿಡೀತೀನಿ. ಇನ್ನು ಅಫಿಡವಿಟ್ ಬರಕೊಡ್ತೀ ಇಲ್ಲ? ಈಗಂತೂ ಆ ಹೆಸರು ಇಟ್ಕೊಳ್ಳಾಕ ನಾಚಿಕಿ ಬರ್ತೈತಿ."

"ನಾ ಬರಿಯಂಗಿಲ್ಲ. ನಮ್ಮ ಮನ್ಯಾಗ ಎಲ್ಲಾರೂ ಸುಳ್ಳ ಹೇಳ್ಯಾರ. ಮುತ್ತಜ್ಜ ಹೇಳ್ಯಾನ, ನಿಮ್ಮಜ್ಜ ಬಾಯಿ ಮುಚ್ಚಿಕೊಂಡಾನ. ಆ ಹೆಸರು ಒಂದ ಅಲ್ಲೇನೋ ಖರೇ ಹೇಳಿದ್ದು? ಕುಣಿ ಬರೇದು ಅಂತ ಊರಿಗೆ ಗೊತ್ತಿತ್ತು. ಹೊಡದಾಡಾಕ ಆಗ್ಲಿಲ್ಲ, ಹೆಸರಿಟ್ರು. ನಿನಗ ಬ್ಯಾಡಂದ್ರ ಬ್ಯಾರೆ ಬರಿಯೋರು ನಾಲ್ಕು ಮಂದಿ ಅದಾರ, ಹೋಗು."

"ಹುಡುಗಿ ಲಗ್ನ ಅತ್ತಿ..."

"ಬೀಗರಿಗೆ ನಾ ಹೇಳ್ತೀನಿ. ಕೇಳಿ ಓಡಿ ಹೋಗೋರಾದ್ರ ಈಗ ಹೋಗ್ಲಿ."

ಫೋನ್ ಇಟ್ಟುಬಿಟ್ಟ. ಅವನ ಸಂಕಟ ನನಗೆ ಗೊತ್ತಿಲ್ಲದ್ದೇನಲ್ಲ, ಈ ಹೆಸರಿನಿಂದ ಅವನಿಗಿಂತ ಹೆಚ್ಚು ಕಳೆದುಕೊಂಡವಳು ನಾನು. ಆದರೂ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ.

ಲಚ್ಮಮ್ಮ ಚಹಾ ತಂದು ಪಕ್ಕದಲ್ಲಿ ಕುಳಿತರು. ಕಣ್ಣು ಊದಿಕೊಂಡಿದ್ದವು. "ಯಾಕೆ ಓದಿದೆ? ಏನಾದರೂ ಶ್ಲೋಕ ಹೇಳಬಹುದಿತ್ತು, ನಮಗೇನು ಗೊತ್ತಾಗುತ್ತಿತ್ತು?" ಎಂದರು.

"ನನ್ನಿಂದ ಆಗಲಿಲ್ಲ ದೊಡ್ಡವ್ವ. ನಮ್ಮ ಮನೆಯವರು ನಿಮ್ಮ ಮನೆಗೆ ಹೇಳಿದ ಸುಳ್ಳು ಒಂದು ಸಾಕು."

ಅವರು ನನ್ನ ಕೈ ಹಿಡಿದುಕೊಂಡು ಕುಳಿತರು. ಚಹಾ ಆರಿತು.

ಹೊರಡುವ ದಿನ

ಭಾನುವಾರ ಚೀಲ ಕಟ್ಟಿಕೊಂಡು ಹೊರಗೆ ಬಂದಾಗ ಲಚ್ಮಮ್ಮ ತಲೆಗೆ ನೀರು ಹಾಕಿಕೊಂಡು ನಿಂತಿದ್ದರು. ಶುಕ್ರವಾರವಲ್ಲ, ಆದರೂ ಗೂಡಿನಲ್ಲಿ ದೀಪ ಹಚ್ಚಿತ್ತು. ಕಾಗದ ಗೋಡೆಯ ಮೇಲಿರಲಿಲ್ಲ. ಕಲ್ಲು, ಸೀರೆ, ಬಳೆ ಹಾಗೇ ಇದ್ದವು.

"ಪೂಜೆ ಬಿಡುವುದಿಲ್ಲ," ಎಂದರು. "ನಾನೂ ಸೊಸೆ, ಆಕೆಯೂ ಸೊಸೆ. ಆದರೆ ಬಿಡ್ಡಾ, ಒಂದು ಕೆಲಸ ಬಾಕಿ ಇದೆ. ಆಕೆಗೆ ಯಾರೂ ಹೇಳಿಲ್ಲ."

"ಏನು?"

"ಗಂಡ ಬದುಕಿದ್ದ ಅಂತ. ರಾತ್ರಿಯೆಲ್ಲ ನಾನೇ ಹೇಳೋಣ ಅಂದುಕೊಂಡೆ. ಆದರೆ ನಾವು ಇಷ್ಟು ಕಾಲ ಆಕೆಯ ಮುಂದೆ ತೆಲುಗಿನಲ್ಲಿ ಮಾತಾಡಿದ್ದೇವೆ. ಪಾಪ, ಏನು ತಿಳಿದಿತ್ತೋ ಏನೋ. ನೀನು ನಿಮ್ಮ ಊರಿನ ಮಾತಿನಲ್ಲಿ ಹೇಳು. ಹೇಳಬೇಕಾದವಳೂ ನೀನೇ."

ಹೊರಗೆ ವಿದ್ಯಾ ಕಾರಿನ ಹತ್ತಿರ ಕಾಯುತ್ತಿದ್ದಳು. ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಕಲ್ಲಿನ ಮುಂದೆ ಕುಳಿತೆ. ಮೊದಲು ಬಂದದ್ದೆಲ್ಲ ಪತ್ರದ ಭಾಷೆ, ಈ ಮೂಲಕ ತಿಳಿಯಪಡಿಸುವುದೇನೆಂದರೆ ಎಂಬಂಥದ್ದು. ಅದು ಬೇಡವೆಂದು ತಡೆದು ಕುಳಿತೆ. ಲಚ್ಮಮ್ಮ ನನ್ನ ಹಿಂದೆ ನಿಂತು ಬೆನ್ನ ಮೇಲೆ ಕೈಯಿಟ್ಟರು. ಆಮೇಲೆ ಬಾಯಿ ಬಂತು.

"ಯವ್ವಾ ಬಸವ್ವಾ, ನಾನು ಇಟ್ಟಿಗಿ ಶಿವಪ್ಪನ ಮರಿಮಗಳು ಬಂದೀನಿ. ನಿನ್ನ ಗಂಡ ಸತ್ತಿದ್ದಿಲ್ಲವ್ವಾ. ಇಲ್ಲೇ ಇದ್ದ, ಇದ ಮನ್ಯಾಗ, ದಿನಾ ನಿನಗ ಕೈ ಮುಗಕೊಂತ ಇದ್ದ. ನಿನ್ನ ಕೈಯಾಗಿನ ಬಳಿ ನಾವು ಸುಳ್ಳ ಹೇಳಿ ಒಡದೀವಿ."